ಕಡತ, ಕಪ್ಪು ಹಲಗೆ, ಕಾರ್ಡು

ಬಳ್ಳಾರಿ ಸೀಮೆಯ ಕೂಲಿಮಠಕ್ಕೆ, ಅಂದರೆ ಮೇಷ್ಟ್ರಿಗೆ ಕೂಲಿ ಕೊಟ್ಟು ಕಲಿಯುವ ಶಾಲೆಗೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಪಾಠ ಹೇಳುವ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಐದನೆಯವನಿಗೆ ಮೂರು. ಹತ್ತನೆಯವನಾಗಿ ಬಂದವನು ಅಂದಿನ ಲೆಕ್ಕದ ಪಾಠವನ್ನು ಬಾಗಿಲಲ್ಲೇ ಮುಗಿಸಿಕೊಂಡು ಒಳಗೆ ಕೂರಬೇಕಿತ್ತು.

ಇದನ್ನು ಬರೆದಿಟ್ಟವನು ಆಗ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್. ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೂ ಒಂದು ಪ್ರಶ್ನೆ ಕಳಿಸಿದ್ದ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ? ಹೆಚ್ಚಿನವರು ಪಟ್ಟಿ ತುಂಬಿ ಕೈತೊಳೆದುಕೊಂಡರು. ತೆಲುಗಿಗೆ ವ್ಯಾಕರಣ ಬರೆದಿದ್ದ ಕ್ಯಾಂಬೆಲ್‌ಗೆ ಅಷ್ಟಕ್ಕೆ ಬಿಡಲಾಗಲಿಲ್ಲ. ಮಠದ ಒಳಗೆ ಮಕ್ಕಳು ಏನು ಹಿಡಿದು, ಯಾವುದರ ಮೇಲೆ ಬರೆಯುತ್ತಾರೆ ಎಂಬುದರ ತನಕ ವಿವರಿಸಿ ಮರುವರ್ಷ ಉತ್ತರ ಕಳಿಸಿದ.

ಅವನ ಲೆಕ್ಕದಂತೆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗೆ ಸರಾಸರಿ ಹನ್ನೆರಡು. ಕನ್ನಡ ಕಲಿಸುವವು 235, ತೆಲುಗಿನವು 226. ಇಂದಿನ ಅನಂತಪುರವೂ ಆಗ ಬಳ್ಳಾರಿಗೇ ಸೇರಿದ್ದರಿಂದ ಈ ಸರಿಸಮ. ಮರಾಠಿಯವು 23, ಪಾರಸಿಯವು 21, ತಮಿಳಿನವು 4. ಇಂಗ್ಲಿಷ್ ಶಾಲೆ ಒಂದೇ ಒಂದು. ಆರು ಸಾವಿರ ಚಿಲ್ಲರೆ ಮಕ್ಕಳಲ್ಲಿ ಹೆಣ್ಣುಮಕ್ಕಳು ಅರವತ್ತು.

ಇಂದು ತರಗತಿಗೆ ತಂತ್ರಜ್ಞಾನ ಬಂತು ಎಂದರೆ ಗೋಡೆಯ ಮೇಲೆ ಪರದೆ ಬಂತು ಎಂದೇ ಅರ್ಥ. ಆದರೆ ಕೂಲಿಮಠಕ್ಕೂ ತನ್ನದೇ ತಂತ್ರಜ್ಞಾನವಿತ್ತು. ಐದನೇ ವರ್ಷಕ್ಕೆ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಓನಾಮ ಮಾಡಿಸುವುದು, ಆಮೇಲೆ ನೆಲದ ಮರಳಿನ ಮೇಲೆ ಅಕ್ಷರ ತಿದ್ದಿಸುವುದು. ತಿದ್ದಿ ತಿದ್ದಿ ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ನುಣುಪಾಗಿ ಹೆರೆದು, ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಸಿದ್ಧ. ಕಡತ ಇನ್ನೂ ಜಾಣ ಕೆಲಸ. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದಂತೆ ಮಡಿಕೆ ಹಾಕಿ, ಇದ್ದಿಲು ಮತ್ತು ಅಂಟು ಕಲಸಿ ಬಳಿಯುತ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆಯಬಹುದು. ವ್ಯಾಪಾರಿಗಳೂ ಶಾನುಭೋಗರೂ ಲೆಕ್ಕ ಇಡುತ್ತಿದ್ದುದು ಇದೇ ಕಡತದಲ್ಲಿ. ಶಾಲೆಯಲ್ಲಿ ಹಿಡಿದ ಸಾಧನವನ್ನೇ ಮಗು ದೊಡ್ಡವನಾದ ಮೇಲೆ ಅಂಗಡಿಯಲ್ಲೂ ಹಿಡಿಯುತ್ತಿತ್ತು. ಸರ್ಕಾರಿ ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತ ಎನ್ನುತ್ತೇವೆ. ಮಠದ ಮಕ್ಕಳ ಕೈಯಲ್ಲಿದ್ದ ಮಸಿಬಟ್ಟೆಯ ಹೆಸರು ಅದು ಎಂಬುದು ಮರೆತುಹೋಗಿದೆ.

ಇವೆಲ್ಲಕ್ಕೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಂಬೆಲ್ ಬೆರಗಾದದ್ದು ಈ ಅಗ್ಗದ ಬರವಣಿಗೆಗೆ, ಅದರ ಜೊತೆಗೆ ಇನ್ನೊಂದು ಪದ್ಧತಿಗೆ. ಮುಂದೆ ಕಲಿತ ಹುಡುಗ ಹಿಂದೆ ಇದ್ದವನಿಗೆ ಹೇಳಿಕೊಡುತ್ತಿದ್ದ. ಹೇಳಿಕೊಡುವಾಗ ತನ್ನ ಪಾಠವೂ ಗಟ್ಟಿಯಾಗುತ್ತಿತ್ತು. ಐಗಳೊಬ್ಬರೇ, ಮಕ್ಕಳು ನಾಲ್ಕು ಹಂತದವರು. ಬೇರೆ ದಾರಿಯೂ ಇರಲಿಲ್ಲ. ಈ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಯೋಗ್ಯವೇ ಆಯಿತು ಎಂದು ಅವನು ಸರ್ಕಾರಕ್ಕೆ ಬರೆದ.

ಅನುಕರಣೆಯ ಮಾತು ಸುಮ್ಮನೆ ಬಂದದ್ದಲ್ಲ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ ಇದ್ದ ಶಾಲೆಯನ್ನು 1789ರಲ್ಲಿ ವಹಿಸಿಕೊಂಡ ಪಾದ್ರಿ ಆ್ಯಂಡ್ರ್ಯೂ ಬೆಲ್, ಹತ್ತಿರದ ನಾಟಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸುವುದನ್ನು ಕಂಡ. ತನ್ನ ಶಾಲೆಯ ಶಿಕ್ಷಕರಿಗೆ ಹಾಗೆ ಮಾಡಿಸಿ ಎಂದರೆ ಅವರು ಒಪ್ಪಲಿಲ್ಲ. ಕೊನೆಗೆ ಎಂಟು ವರ್ಷದ ಹುಡುಗನೊಬ್ಬನನ್ನು ಅಕ್ಷರ ತರಗತಿಗೆ ಮೇಷ್ಟ್ರು ಮಾಡಿದ. ದೊಡ್ಡವರಿಂದ ಆಗದ್ದು ಅವನಿಂದ ಆಯಿತು. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಈ ಕುರಿತು ಪುಸ್ತಿಕೆ ಅಚ್ಚು ಹಾಕಿಸಿದ; ಅದು ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಹೊಸ ಬೋಧನಾ ವಿಧಾನಗಳೆಲ್ಲ ಪಶ್ಚಿಮದಿಂದಲೇ ಬರುತ್ತವೆ ಎಂಬ ನಂಬಿಕೆ ಇರುವವರಿಗೆ ಈ ಒಂದು ಹಡಗು ಆ ಕಡೆಗೆ ಹೋಗಿತ್ತು ಎಂದು ಹೇಳಬೇಕಾಗುತ್ತದೆ.

ಹಾಗೆಂದು ಕೂಲಿಮಠವನ್ನು ಮುತ್ತಿನ ಪಲ್ಲಕ್ಕಿಯಲ್ಲಿ ಕೂರಿಸುವುದೂ ಬೇಡ. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ಜಂತೆಗೆ ತೂಗುಹಾಕುವ ಶಿಕ್ಷೆಯನ್ನೂ ಕ್ಯಾಂಬೆಲ್ ದಾಖಲಿಸಿದ್ದಾನೆ. ಕನ್ನಡದ ಹಳಬರ ನೆನಪುಗಳಲ್ಲಿ ಕೋದಂಡ ಎಂಬ ಹೆಸರಿನಿಂದ ಬರುವ ಶಿಕ್ಷೆ ಇದೇ. ಓದಿನ ಕಥೆಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆ ಮನೆಯ ಮಾತಿಗಿಂತ ದೂರದ್ದು. ಅಕ್ಷರ ಗುರುತಿಸಿ ಓದುತ್ತಿದ್ದರು, ಅರ್ಥ ಐಗಳಿಗೂ ಗೊತ್ತಿರಲಿ ಎಂಬ ನಿಯಮವಿರಲಿಲ್ಲ. ಊರು ಬಡವಾಗುತ್ತಿರುವುದರಿಂದ ಶಾಲೆಗಳು ಸೊರಗುತ್ತಿವೆ, ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಬರಿದಾಗಿದೆ ಎಂದು ಬರೆಯುವಷ್ಟು ನೇರವಂತಿಕೆ ಆ ಕಲೆಕ್ಟರನಿಗಿತ್ತು. ಕೂಲಿ ಕೊಡಲು ಇಲ್ಲದವರ ಮಕ್ಕಳಿಗೆ ಕೂಲಿಮಠ ಇರಲಿಲ್ಲ. ಊರ ಹೊರಗಿನ ಕೇರಿಯ ಮಕ್ಕಳ ಮಾತಂತೂ ದೂರ; ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಂಥ ಮಕ್ಕಳಿಗಾಗಿ ಶಾಲೆ ತೆರೆದದ್ದು 1892ರಲ್ಲಿ, ಅದೂ ಸ್ವಜಾತಿಯವರ ಬಹಿಷ್ಕಾರ ಉಂಡು.

ಹತ್ತೊಂಬತ್ತನೇ ಶತಮಾನದ ನಡುವಿಗೆ ಬರುವಾಗ ಕೋಣೆಯೊಳಗಿನ ಜೋಡಣೆಯೇ ಬದಲಾಗತೊಡಗಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹೂಡಿತು. ಅಚ್ಚಿನ ಪುಸ್ತಕ ಬಂದ ಮೇಲೆ ಒಂದೇ ಪಾಠವನ್ನು ಮೂವತ್ತು ಮಕ್ಕಳು ಒಂದೇ ಹೊತ್ತಿಗೆ ತೆರೆಯುವುದು ಸಾಧ್ಯವಾಯಿತು. ವಯಸ್ಸಿನ ಪ್ರಕಾರ ತರಗತಿ, ತರಗತಿಗೆ ಒಂದು ಪುಸ್ತಕ, ವರ್ಷಕ್ಕೊಂದು ಪರೀಕ್ಷೆ ಇವೆಲ್ಲ ಒಂದರ ಬೆನ್ನಿಗೆ ಒಂದು ಬಂದವು. ಮುಂಬೈ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯೇ ಆಳುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಊರೂರಿಗೆ ತೆರೆಯಿಸಿದರು, ಶಿಕ್ಷಕರ ತರಬೇತಿಗೆ ದುಡಿದರು. ಶಿಕ್ಷಕರಿಗಾಗಿ 1860ರ ದಶಕದಲ್ಲಿ ಅಲ್ಲಿ ಹುಟ್ಟಿದ ಪತ್ರಿಕೆಯ ಹೆಸರು ‘ಮಠಪತ್ರಿಕೆ’. ಶಾಲೆ ಹೊಸದಾಗಿತ್ತು, ಜನರ ಬಾಯಲ್ಲಿ ಅದಿನ್ನೂ ಮಠವೇ. ಮುಂದೆ ಅದೇ ‘ಜೀವನ ಶಿಕ್ಷಣ’ವಾಯಿತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆ ಮುಂದಿಟ್ಟ. ಶಾಸನಗಳನ್ನು ಸಂಗ್ರಹಿಸಿದವನೆಂದೇ ನಮಗೆ ಪರಿಚಿತನಾದ ರೈಸ್‌ನ ನಿತ್ಯದ ಉದ್ಯೋಗ ಶಾಲೆಗಳ ತನಿಖೆಯಾಗಿತ್ತು.

ಹೊಸ ಶಾಲೆಯ ಗುರುತು ಕಪ್ಪು ಹಲಗೆ. ಮೊದಲು ಮಕ್ಕಳು ಐಗಳ ಸುತ್ತ, ಮರಳಿನ ಸುತ್ತ, ಒಬ್ಬರ ಎದುರು ಒಬ್ಬರು ಕೂರುತ್ತಿದ್ದರು. ಹಲಗೆ ಬಂದ ಮೇಲೆ ಎಲ್ಲರ ಮುಖವೂ ಒಂದೇ ಕಡೆಗೆ ತಿರುಗಿತು. ಮಗುವಿನ ಕಣ್ಣಿಗೆ ಬೀಳುವುದು ಮುಂದಿನವನ ಬೆನ್ನು, ಅದರಾಚೆ ಮೇಷ್ಟ್ರು. ಮಕ್ಕಳು ಬಿಡಿಬಿಡಿಯಾಗಿ ಕಲಿಯುತ್ತಿದ್ದುದು ಹೋಗಿ ಇಡೀ ತರಗತಿಗೆ ಒಂದೇ ಪಾಠ ಎಂದಾದದ್ದು ಇಲ್ಲಿ. ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುವುದಕ್ಕೆ ಈಗ ಬೇರೆ ಹೆಸರು ಬಿತ್ತು: ತರಗತಿಯಲ್ಲಿ ಮಾತಾಡುವುದು. ಅದಕ್ಕೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ.

ಅದೃಷ್ಟಕ್ಕೆ ಸ್ಲೇಟು ಮಗುವಿನ ಕೈಯಲ್ಲೇ ಉಳಿಯಿತು. ಕಡತದ ಜಾಗಕ್ಕೆ ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಬಂತು, ಬಳಪ ಹಾಗೇ ಮುಂದುವರಿಯಿತು. ಕರಾವಳಿ, ಮಲೆನಾಡಿನ ಮಕ್ಕಳು ಅದನ್ನು ಒರೆಸಲು ಗೋಡೆಬದಿಯಲ್ಲಿ ಬೆಳೆಯುವ ನೀರುಕಡ್ಡಿ ಗಿಡ ಕಿತ್ತು ತರುತ್ತಿದ್ದರು. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿಗೆ ಸಿಟ್ಟು ಬರುತ್ತದೆ ಎಂಬ ಭಯವಿತ್ತಲ್ಲ. ಕಪ್ಪು ಹಲಗೆಗೆ ಇದ್ದಿಲು, ಸೊಪ್ಪಿನ ರಸ ಅರೆದು ಹಚ್ಚುವುದು ಶನಿವಾರದ ಮಕ್ಕಳ ಕೆಲಸ. ಕ್ಯಾಂಬೆಲ್ ನೋಡಿದ ಇದ್ದಿಲೇ ಇನ್ನೂ ನೂರೈವತ್ತು ವರ್ಷ ನಡೆಯಿತು ಎನ್ನಬೇಕು.

ಈ ಏರ್ಪಾಡಿನೊಳಗೇ ಅದರ ಬಿಗಿ ಸಡಿಲಿಸಿದವರೂ ಇದ್ದರು. ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರ್ ಆಗಿ ದುಡಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಮಕ್ಕಳಿಗೆ ಹಾಡು ಕಟ್ಟಿದರು. ಹಾವು, ಹುಳ, ಹಬ್ಬ, ಗಾಳಿ ಎಲ್ಲವೂ ಮಗುವಿನ ಮಾತಿಗೆ ಹತ್ತಿರದ ಕನ್ನಡದಲ್ಲಿ ಪಠ್ಯಕ್ಕೆ ಬಂದವು. ಕುಣಿಯದೆ ಓದಲಾಗದ ಪದ್ಯಗಳವು. ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸಿದರು. ಇಂಥವು ಒಬ್ಬೊಬ್ಬರ ಹಟದಿಂದ ನಡೆದವು. ಇಲಾಖೆಯ ಶಾಲೆ ತನ್ನ ದಾರಿಯಲ್ಲಿ ತಾನು ಹೋಯಿತು.

ಆ ದಾರಿ ಎಷ್ಟು ದೂರ ಬಂದಿತ್ತು ಎಂಬುದಕ್ಕೆ ಒಂದೇ ಸಾಕ್ಷಿ ಸಾಕು. ಕೇಂದ್ರ ಸರ್ಕಾರ 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಎಂಬ ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಿಷ್ಟು ಪಾಠೋಪಕರಣ ಎಂಬುದು ಗುರಿ. ಸ್ವಾತಂತ್ರ್ಯ ಬಂದು ನಲವತ್ತು ವರ್ಷಕ್ಕೆ ದೇಶದ ಶಾಲೆಗಳಿಗೆ ಕರಿಹಲಗೆ ಕೊಡುವುದೇ ಒಂದು ಕಾರ್ಯಾಚರಣೆಯಾಗಿತ್ತು.

ತಮಾಷೆಯೆಂದರೆ, ಅದಕ್ಕೂ ಹನ್ನೆರಡು ವರ್ಷ ಮೊದಲೇ ಉತ್ತರ ಕರ್ನಾಟಕದ ಕೆಲವು ಹಳ್ಳಿಗಳಿಗೆ ಆಕಾಶದಿಂದ ಪಾಠ ಇಳಿದಿತ್ತು.

ದೂರದ ದನಿಯನ್ನು ತರಗತಿಗೆ ತರುವ ಆಸೆ ಮೈಸೂರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದ್ದರು. ಕಲಿಕೆಗೂ ಮನಸ್ಸಿಗೂ ಇರುವ ಸಂಬಂಧ ಹುಡುಕುವ ಪ್ರಾಧ್ಯಾಪಕರ ಕೈಯಲ್ಲಿ ನಮ್ಮ ರೇಡಿಯೊ ಹುಟ್ಟಿದ್ದು ಕಾಕತಾಳೀಯವಿರಲಾರದು. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಎಂಬ ಉಪಗ್ರಹ ಟಿವಿ ಪಾಠದ ಪ್ರಯೋಗ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸಾಹಸ. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಉಪಗ್ರಹ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳು. ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಆ್ಯಂಟೆನಾ, ಕೆಳಗೊಂದು ಟಿವಿ. ಕರೆಂಟ್ ಇಲ್ಲದ ಊರಲ್ಲಿ ಬ್ಯಾಟರಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರವರಿಗೆ. ಬೆಂಗಳೂರಿನ ಬಹುಪಾಲು ಮನೆಗಳು ಟಿವಿಯ ಮುಖ ಕಾಣದಿದ್ದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಮಗು ಅದರಲ್ಲಿ ವಿಜ್ಞಾನದ ಪಾಠ ನೋಡುತ್ತಿತ್ತು. ಬಿಡುವಿನಲ್ಲಿ ಸಾವಿರಾರು ಶಿಕ್ಷಕರಿಗೂ ಟಿವಿಯ ಮೂಲಕವೇ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹ ಬೇರೆ ಕಡೆಗೆ ಸರಿಯಿತು.

ಆ ಒಂದು ವರ್ಷದಿಂದ ದೇಶ ಉಪಗ್ರಹ ಸಂಪರ್ಕ ಕಲಿತದ್ದು ನಿಜ, ಇನ್ಸಾಟ್‌ಗೆ ದಾರಿಯಾದದ್ದೂ ನಿಜ. ಇಸ್ರೊ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿತ್ತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಸೂರಿನ ಮೇಲೆ ಡಿಶ್ ಬಂತು. ಈ ಬಾರಿ ಉಪಗ್ರಹ ನಮ್ಮದೇ. ಕರೆಂಟು ಮಾತ್ರ ಆಗಲೂ ಊರಿನದು: ಪಾಠದ ವೇಳಾಪಟ್ಟಿ ಒಂದು, ಲೋಡ್‌ಶೆಡ್ಡಿಂಗ್ ವೇಳಾಪಟ್ಟಿ ಇನ್ನೊಂದು. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಪರದೆಯ ಮೇಷ್ಟ್ರಿಗೆ ಕೇಳುವ ಕಿವಿ ಇಲ್ಲ. ಮಗುವಿಗೆ ಎಲ್ಲಿ ತಿಳಿಯಲಿಲ್ಲ ಎಂದು ಅವರಿಗೆ ಗೊತ್ತಾಗುವಂತಿಲ್ಲ.

ಇದೇ ಕಾಲದಲ್ಲಿ ರೇಡಿಯೊ ಹೆಚ್ಚು ಜಾಣತನ ತೋರಿತು. ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ಯಂಥ ಬಾನುಲಿ ಪಾಠಗಳು ಮಕ್ಕಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹಾಡಿ ಎನ್ನುವುದು, ಚಪ್ಪಾಳೆ ತಟ್ಟಿ ಎನ್ನುವುದು, ಪ್ರಶ್ನೆ ಕೇಳಿ ಮಕ್ಕಳು ಉತ್ತರ ಕೂಗಲು ಒಂದಿಷ್ಟು ಮೌನ ಬಿಡುವುದು. ಅಗ್ಗದ ಪೆಟ್ಟಿಗೆ, ಎರಡು ಸೆಲ್ಲು. ತಂತ್ರಜ್ಞಾನದ ಮೆರವಣಿಗೆಯಲ್ಲಿ ಇದಕ್ಕೆ ಹಾರ ಬೀಳಲಿಲ್ಲ. ಪೆಟ್ಟಿಗೆ ಮಾತಾಡುತ್ತಿದ್ದಾಗ ಶಿಕ್ಷಕರೂ ಮಕ್ಕಳೂ ಅದರೊಂದಿಗೆ ಮಾತಾಡುತ್ತಿದ್ದರು ಎಂಬುದೇ ಅದರ ಹೆಚ್ಚುಗಾರಿಕೆ.

ಕರ್ನಾಟಕದ ತರಗತಿಯನ್ನು ನಿಜಕ್ಕೂ ತಿರುಗಿಸಿ ಕೂರಿಸಿದ ಕೆಲಸ ಪ್ಲಗ್ಗು, ತಂತಿ ಇಲ್ಲದೆ ನಡೆಯಿತು. ಅದು ನಡೆದದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ.

ಕಬಿನಿ ಹಿನ್ನೀರು, ಕಾಡಂಚಿನ ಹಾಡಿಗಳು, ಒಬ್ಬರೇ ಮೇಷ್ಟ್ರಿರುವ ಶಾಲೆಗಳ ತಾಲ್ಲೂಕು ಅದು. ಮಕ್ಕಳು ಜಾತ್ರೆಗೆ, ಸುಗ್ಗಿಗೆ, ದನ ಕಾಯುವುದಕ್ಕೆ ವಾರಗಟ್ಟಲೆ ಹೋಗಿ ಬರುವವರು. ಮರಳಿ ಬಂದಾಗ ತರಗತಿ ಹತ್ತು ಪಾಠ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಸಾಲಿಗೆ, ಅಲ್ಲಿಂದ ಬಾಗಿಲ ಹೊರಗೆ. ಅಲ್ಲಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿದ್ದವು, ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಹೋಗುತ್ತಿತ್ತು. ನೋಡಿ ಬಂದವರು ಅದನ್ನು ತಂದು ಹಾಗೇ ಅಂಟಿಸಲಿಲ್ಲ. ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು. 1995ರಲ್ಲಿ ಹೀಗೆ ಹುಟ್ಟಿದ್ದು ‘ನಲಿ-ಕಲಿ’.

ಅದರ ಮೊದಲ ಧೈರ್ಯ ಅಕ್ಷರಮಾಲೆಯನ್ನು ಮುಟ್ಟಿದ್ದು. ಶತಮಾನಗಳಿಂದ ಕನ್ನಡದ ಮಗು ಅ ಆ ಇ ಈಯಿಂದ ಹೊರಡುತ್ತಿತ್ತು. ಸ್ವರಗಳನ್ನೆಲ್ಲ ತಿದ್ದಿ ಮುಗಿಸಿದರೂ ಆ, ಈ, ಓ ಬಿಟ್ಟರೆ ಬರೆಯಲು ಒಂದು ಪದ ಕೈಗೆ ಹತ್ತದು. ನಲಿ-ಕಲಿ ಹೊರಟದ್ದು ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ. ಬರೆಯಲು ಸುಲಭ, ದುಂಡಗಿನ ಆಕಾರ ಒಂದರಿಂದೊಂದಕ್ಕೆ ಜಾರುತ್ತದೆ. ಈ ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂದು ಬರೆದುಬಿಡುತ್ತದೆ! ಮುಂದಿನ ಗುಂಪು ‘ಜ ವ ಮ ಬ ನ’ ಸೇರಿದರೆ ಮರ, ದನ, ಜನ, ಬನ. ಮೈಸೂರು ಸೀಮೆಯ ಮಗು ಶಾಲೆ ಸೇರಿದ ಕೆಲವೇ ವಾರಗಳಲ್ಲಿ ದಸರ ಎಂದು ತಾನೇ ಬರೆದು ಓದಿದಾಗ ಅದಕ್ಕೆ ಆಗುವ ಹಿಗ್ಗನ್ನು ಯೋಚಿಸಿ ನೋಡಬೇಕು. ಕ್ಯಾಂಬೆಲ್ ದೂರಿದ್ದ ಅರ್ಥವಿಲ್ಲದ ಓದಿಗೆ ಒಂದೂಮುಕ್ಕಾಲು ಶತಮಾನದ ಮೇಲೆ ಸಿಕ್ಕ ಮದ್ದು ಇದು. ವರ್ಣಮಾಲೆಯ ಕ್ರಮ ಕೆಡಿಸಿದರು ಎಂದು ಗೊಣಗಿದವರೂ ಇದ್ದರು, ಇಂದಿಗೂ ಇದ್ದಾರೆ.

ಎರಡನೆಯದು ಕೂರುವ ಕ್ರಮ. ಸಾಲು ಹೋಯಿತು, ವೃತ್ತ ಬಂತು. ಗೋಡೆಯಲ್ಲಿ ಕಲಿಕಾ ಏಣಿ. ಮೆಟ್ಟಿಲಿಗೊಂದು ಚಿತ್ರದ ಗುರುತು, ಅದೇ ಗುರುತಿನ ಕಾರ್ಡು ಡಬ್ಬಿಯಲ್ಲಿ. ಓದಲು ಬಾರದ ಮಗುವೂ ತಾನೆಲ್ಲಿದ್ದೇನೆ ಎಂದು ನೋಡಿ, ತನ್ನ ಕಾರ್ಡು ತಾನೇ ಹುಡುಕಿಕೊಂಡು, ಗುರುತಿನ ತಟ್ಟೆ ಇಟ್ಟ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಭಾಗಶಃ, ಮತ್ತೆ ಕೆಲವಕ್ಕೆ ಸಹಪಾಠಿಯ ಬೆಂಬಲ, ಕೊನೆಯದು ಸ್ವಕಲಿಕೆ. ಜಾತ್ರೆಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಮಕ್ಕಳು ಮಾಡಿದ ಚಿತ್ರ, ಕಾಗದದ ಗಿಳಿ ಇಳಿಬಿದ್ದಿರುತ್ತವೆ. ಹವಾಮಾನ ನಕ್ಷೆಯಲ್ಲಿ ಇವತ್ತು ಮೋಡವೋ ಬಿಸಿಲೋ ಗುರುತು ಹಾಕುವುದು ಮಕ್ಕಳೇ.

ಸಹಪಾಠಿಯ ಬೆಂಬಲ ಎಂಬ ಇಲಾಖೆಯ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಬಳ್ಳಾರಿಯ ಮಠದ ದೊಡ್ಡ ಹುಡುಗ. ಎಗ್ಮೋರಿನಿಂದ ಇಂಗ್ಲೆಂಡಿಗೆ ಹೋದದ್ದು, ಇಲ್ಲಿ ಕಪ್ಪು ಹಲಗೆಯ ಎದುರು ಬಾಯಿ ಮುಚ್ಚಿಸಿಕೊಂಡದ್ದು, ಎಚ್. ಡಿ. ಕೋಟೆಯಲ್ಲಿ ಮತ್ತೆ ಬಾಯಿ ತೆರೆಯಿತು. ಈ ಸಲ ಹೆಣ್ಣುಮಕ್ಕಳೂ ಹಾಡಿಯ ಮಕ್ಕಳೂ ವೃತ್ತದಲ್ಲಿದ್ದರು. ಜಂತೆಯಲ್ಲಿ ಕೋದಂಡದ ಹಗ್ಗವಿದ್ದ ಜಾಗದಲ್ಲಿ ಕಾಗದದ ಗಿಳಿ ಇತ್ತು.

2009-10ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಹರಡುವಾಗ ಸ್ವಲ್ಪ ತೆಳುವಾಯಿತು ಎಂಬುದನ್ನೂ ಹೇಳಬೇಕು. ತಾಲ್ಲೂಕಿನ ಶಿಕ್ಷಕರು ತಾವೇ ಬರೆದ ಕಾರ್ಡಿನ ಮೇಲಿದ್ದ ಮಮಕಾರ, ಬೆಂಗಳೂರಿನಿಂದ ಕಟ್ಟು ಕಟ್ಟಿ ಬಂದ ಕಾರ್ಡಿನ ಮೇಲೆ ಬರುವುದು ಹೇಗೆ? ಕಾರ್ಡು ಹರಿದರೆ ಬದಲಿ ಬರಲು ತಡ. ಮೂರು ತರಗತಿ ಕೂಡಿಸಿ ಕೂರಿಸಿದ ಕೋಣೆಗೆ ಒಬ್ಬರೇ ಶಿಕ್ಷಕರು, ಅವರ ಮೇಲೆ ಪ್ರಗತಿ ದಾಖಲೆಗಳ ಹೊರೆ. ನಲಿಯುವುದೇ ಆಯಿತು, ಕಲಿಯುವುದು ಯಾವಾಗ ಎಂದು ಕೇಳುವ ಪಾಲಕರು, ಟೈ ಕಟ್ಟಿಸಿ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸಲು ಕಾರಣ ಹುಡುಕುತ್ತಿದ್ದರು. ಆದರೂ ಒಂದು ತಾಲ್ಲೂಕಿನ ಮೇಷ್ಟ್ರುಗಳು ಹುಟ್ಟಿಸಿದ್ದು ಇಡೀ ರಾಜ್ಯದ ಪದ್ಧತಿಯಾದ ಉದಾಹರಣೆ ನಮ್ಮಲ್ಲಿ ಇನ್ನೊಂದು ಸಿಗುವುದು ಕಷ್ಟ.

ಇದೇ ವರ್ಷಗಳಲ್ಲಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ವಿನಂಥ ಯೋಜನೆಗಳಲ್ಲಿ ಕಂಪ್ಯೂಟರ್ ಬಂತು. ಅದರ ಇತಿಹಾಸ ಬಹಳ ಕಡೆ ಒಂದು ಬೀಗದ ಇತಿಹಾಸ. ಯಂತ್ರ ಕೆಟ್ಟರೆ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯರು. ಹಾಗಾಗಿ ಪರದೆಗೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿ, ಚಪ್ಪಲಿ ಹೊರಗೆ ಬಿಡಿಸಿ ಕಾಪಾಡಿದರು. ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ.

ಆಮೇಲೆ 2020ರ ಮಾರ್ಚ್ ಬಂತು, ಶಾಲೆಗೇ ಬೀಗ ಬಿತ್ತು.

ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಅಷ್ಟರೊಳಗೆ ತಂತ್ರಜ್ಞಾನದ ಎಲ್ಲ ಬಾಗಿಲೂ ತಟ್ಟಿ ಆಯಿತು. 2020ರ ಏಪ್ರಿಲ್‌ನಲ್ಲಿ ‘ಮಕ್ಕಳ ವಾಣಿ’ ಯೂಟ್ಯೂಬ್ ವಾಹಿನಿ, ಆಮೇಲೆ ಚಂದನದಲ್ಲಿ ‘ಸಂವೇದ’ ಪಾಠಗಳು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಸರ್ಕಾರ ಜೂನ್‌ನಲ್ಲಿ ನಿಷೇಧಿಸಿತು. ಜುಲೈಯಲ್ಲಿ ಹೈಕೋರ್ಟು ಅದನ್ನು ತಡೆಯಿತು. ಮಲೆನಾಡು, ಕರಾವಳಿಯಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ರಸ್ತೆಬದಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಸುರಿವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶವೇ ನೋಡಿತು.

ಈ ಗದ್ದಲದ ನಡುವೆ 2020ರ ಆಗಸ್ಟ್‌ನಲ್ಲಿ ಇಲಾಖೆ ಒಂದು ಹಳೆಯ ದಾರಿ ಹಿಡಿಯಿತು. ಹೆಸರು ‘ವಿದ್ಯಾಗಮ’. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಮೇಷ್ಟ್ರೇ ಓಣಿಗೆ ಹೋಗಲಿ. ಅರಳಿಕಟ್ಟೆ, ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳು. ಫೋನಿರುವ ಮನೆಯ ಮಕ್ಕಳು, ಇಲ್ಲದ ಮನೆಯ ಮಕ್ಕಳು ಎಂದು ಗುಂಪು ಮಾಡಿ, ನಾಲ್ಕೈದು ತರಗತಿಯವರನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ. ದೊಡ್ಡವರು ಚಿಕ್ಕವರಿಗೆ ಹೇಳಿಕೊಟ್ಟರು. ಬೆಂಚು ಇರಲಿಲ್ಲ, ಗಂಟೆ ಇರಲಿಲ್ಲ, ಕೆಲವು ಕಡೆ ಕರಿಹಲಗೆಯೂ ಇರಲಿಲ್ಲ. ಇಪ್ಪತ್ತೊಂದನೇ ಶತಮಾನದ ಕರ್ನಾಟಕ ಎರಡು ತಿಂಗಳ ಮಟ್ಟಿಗೆ ಕೂಲಿಮಠಕ್ಕೆ ಮರಳಿತ್ತು ಎನ್ನಬಹುದು. ಸೋಂಕು ತಗುಲಿದ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಕಳೆದದ್ದೆಷ್ಟು ಎಂಬುದಕ್ಕೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಲೆಕ್ಕ ಹಾಕಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳ ಅಧ್ಯಯನ ಅದು. 2021ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ನೂರಕ್ಕೆ 92, ಗಣಿತದಲ್ಲಿ 82. ಹೊಸದು ಕಲಿಯದಿದ್ದುದಲ್ಲ, ಕಲಿತದ್ದೇ ಕೈಬಿಟ್ಟಿತ್ತು. ರಾಜ್ಯ ಸರ್ಕಾರ 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷ ಎಂದು ಸಾರಿತು, ಆ ವರ್ಷ ಮಕ್ಕಳ ಕೈಗೆ ಕೊಟ್ಟದ್ದು ಕಲಿಕಾ ಹಾಳೆಗಳನ್ನು.

ಈಗ ಪಠ್ಯಪುಸ್ತಕದ ಪಾಠದ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದೆ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ಬಾಗಿಲು ಅದು; ಫೋನು ಹಿಡಿದರೆ ವಿಡಿಯೊ ತೆರೆಯುತ್ತದೆ, ಫೋನು ಇರಬೇಕಷ್ಟೆ. ನಾಲ್ಕು, ಐದನೇ ತರಗತಿಗೆ ಅಕ್ಷರ ಫೌಂಡೇಷನ್ ಜೊತೆ ಸೇರಿ ಇಲಾಖೆ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಪೆಟ್ಟಿಗೆ ತೆರೆದರೆ ಮಣಿಗಳ ಅಬಾಕಸ್, ಭಿನ್ನರಾಶಿಯ ಪಟ್ಟಿಗಳು. ಕಾಲು, ಅರೆ, ಮುಕ್ಕಾಲರ ಮಗ್ಗಿ ಸಂಜೆ ಹೊತ್ತು ಸಾಲಾಗಿ ನಿಂತು ಒಪ್ಪಿಸುತ್ತಿದ್ದ ಅಜ್ಜಂದಿರಿಗೆ ಆ ಪಟ್ಟಿಗಳನ್ನು ಕೈಯಲ್ಲಿ ಜೋಡಿಸಿ ನೋಡುವ ಭಾಗ್ಯ ಇರಲಿಲ್ಲ. ಕೃತಕ ಬುದ್ಧಿಮತ್ತೆಯೂ ಬಂದಿದೆ. ಮೈಕ್ರೊಸಾಫ್ಟ್ ಸಂಶೋಧಕರು ಬೆಂಗಳೂರಿನ ಶಿಕ್ಷಣ ಫೌಂಡೇಷನ್ ಜೊತೆ 2023ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ ‘ಶಿಕ್ಷಾ ಕೋಪೈಲಟ್’ ಮಗುವಿಗೆ ಪಾಠ ಮಾಡಲು ಹೋಗಲಿಲ್ಲ. ಶಿಕ್ಷಕರಿಗೆ ಪಾಠಯೋಜನೆ ಬರೆಯಲು, ಚಟುವಟಿಕೆ ಹುಡುಕಲು ನೆರವಾಗಿ, ಅವರ ರಾತ್ರಿಯ ಬರವಣಿಗೆಯ ಕೆಲಸವನ್ನು ಇಳಿಸಲು ನೋಡಿತು. ಸೈಟ್ ಮತ್ತು ಎಜುಸ್ಯಾಟ್ ಎಡವಿದ್ದು ಎಲ್ಲಿ ಎಂದು ಬಲ್ಲವರಿಗೆ ಇದು ಸರಿಯಾದ ತುದಿಯಿಂದ ಹಿಡಿದ ಕೆಲಸವಾಗಿ ಕಾಣುತ್ತದೆ.

ಇನ್ನೂರು ವರ್ಷಗಳಲ್ಲಿ ಮಗುವಿನ ಕೈಗೆ ದಕ್ಕಿದ ವಸ್ತುಗಳು ತರಗತಿಯಲ್ಲಿ ನೆಲೆಸಿದವು: ಮರಳು, ಬಳಪ, ಸ್ಲೇಟು, ಕಾರ್ಡು, ಮಣಿ. ಎತ್ತರದಲ್ಲಿಟ್ಟು ತೋರಿಸಿದವುಗಳಲ್ಲಿ ಕಪ್ಪು ಹಲಗೆಯೊಂದು ಬಿಟ್ಟು ಉಳಿದವು ಬಂದು ಹೋದವು. ಆ ಕಪ್ಪು ಹಲಗೆಯನ್ನೂ ನಲಿ-ಕಲಿ ಇದ್ದಲ್ಲಿ ಇರಗೊಡಲಿಲ್ಲ. ಕೋಣೆಯ ಗೋಡೆಗಳುದ್ದಕ್ಕೂ, ನೆಲದಿಂದ ಮಗುವಿನ ಎತ್ತರಕ್ಕೆ ಕರಿ ಬಣ್ಣ ಬಳಿದು, ಗೆರೆ ಎಳೆದು ಭಾಗ ಮಾಡಿ, ಮಗುವಿಗೊಂದರಂತೆ ಹಂಚಿದ್ದಾರೆ. ಅಲ್ಲಿ ಬರೆಯುವುದು ಮಕ್ಕಳು. ಅದನ್ನು ಓದಿ ತಿದ್ದಬೇಕಾದರೆ ಶಿಕ್ಷಕಿ ನೆಲದ ಮೇಲೆ ಕೂರಬೇಕು.